ಕಡಲಿಗೆ ಹಿಡಿದ ಮೂಲೆಮಟ್ಟ

ತಾರೀಖು ಹದಿನೆಂಟು, ಬುಧವಾರ
ಬೆಳಗಿನ ಚಹಾ ಆದ ಮೇಲೆ

ಪ್ರೀತಿಯ ಅಕ್ಕನಿಗೆ,

ನಿನ್ನ ಮೊಂಡ ತಮ್ಮನ ನಮಸ್ಕಾರ. ಎಡಮಂಡಿಯೊಂದನ್ನು ಬಿಟ್ಟರೆ ನಾನಿಲ್ಲಿ ಗಟ್ಟಿಮುಟ್ಟಾಗಿದ್ದೇನೆ. ನಿನ್ನ ಕಣ್ಣಿನ ಪೊರೆ ತೆಗೆಸಿದ್ದು ಚೆನ್ನಾಗಿ ಆಯಿತು, ದೊಡ್ಡ ಅಕ್ಷರಗಳು ಈಗ ಕಾಣುತ್ತಿವೆ ಎಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಕೇಳಿ ಜೀವಕ್ಕೆ ಹಾಯೆನಿಸಿತು. ಫೋನ್ ಇರುವಾಗ ಕಾಗದ ಯಾಕೆ ಮಾವ ಎಂದು ಅವಳು ಪ್ರತಿ ಸಲವೂ ನಗುತ್ತಾಳೆ. ಫೋನಿನಲ್ಲಿ ನಾನು 'ಊಟ ಆಯ್ತಾ' ಎನ್ನುತ್ತೇನೆ, ನೀನು 'ಆಯ್ತು, ನಿಂದು' ಎನ್ನುತ್ತೀಯ, ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ.

ನಾಲ್ಕು ತಿಂಗಳಿಂದ ಒಂದು ಸಾಲೂ ಹಾಕಲಿಲ್ಲ ಎಂದು ನೀನು ಬೈದಿದ್ದು ಸರಿ. ಬಲಗೈ ಹೆಬ್ಬೆರಳು ಊದಿಕೊಂಡಿತ್ತು ಎಂದು ಇಟ್ಟುಕೋ. ಬೇರೆ ಕಾರಣವನ್ನು ಆಮೇಲೆ ಹೇಳುತ್ತೇನೆ.

ಭಾವಾ, ಎಂದಿನಂತೆ ನೀವೇ ಓದಿ ಹೇಳುತ್ತಿದ್ದೀರಿ ತಾನೆ? ಕನ್ನಡಕ ಒರೆಸಿಕೊಂಡು ನಿಧಾನವಾಗಿ ಓದಿ. ನನ್ನ ಅಕ್ಷರ ನೀವು ರಿಪೇರಿ ಮಾಡುವ ಕೈಗಡಿಯಾರಗಳ ಹಲ್ಲುಚಕ್ರಕ್ಕಿಂತ ಚಿಕ್ಕದೇನಲ್ಲ. ಹಾಗೇ ಸಾಲುಗಳನ್ನು ನುಂಗಬೇಡಿ. ಹೋದ ಕಾಗದದಲ್ಲಿ ನಿಮ್ಮನ್ನು ಹೊಗಳಿ ಎರಡು ಸಾಲು ಬರೆದಿದ್ದೆ. ಅದು ಅಕ್ಕನ ಕಿವಿಗೆ ಬೀಳಲೇ ಇಲ್ಲವಂತೆ. ನಿಮ್ಮ ಹೊಗಳಿಕೆ ಬಂದ ಕಡೆಯೆಲ್ಲ ನಿಮಗೆ ಕೆಮ್ಮು ಬರುತ್ತದೆಂದು ಮಗಳು ಹೇಳಿದಳು.

ಅಕ್ಕ, ಮೂರು ವರ್ಷವಾದರೂ ನೀನು ಭಾವನ ಜೊತೆ ನೆಟ್ಟಗೆ ಮಾತಾಡುತ್ತಿಲ್ಲ ಎಂದೂ ಅವಳು ಹೇಳಿದಳು. 'ಅವರು ಮರಳಿನ ದಿಬ್ಬ ಕಿತ್ತರು, ಕಡಲು ನನ್ನ ಮನೆ ಕಿತ್ತಿತು' ಎಂದು ಬಂದವರ ಮುಂದೆಲ್ಲ ಹೇಳುತ್ತೀಯಂತೆ. ಭಾವಾ, ಈ ಸಾಲನ್ನೂ ಓದಿ. ಇವತ್ತು ನಾನು ಹೇಳಬೇಕಾಗಿರುವುದು ಆ ಮನೆಯ ಸಂಗತಿಯೇ.

ಮೊದಲು ಬೀದಿಯ ಸುದ್ದಿ. ಹೋದ ತಿಂಗಳು ಶಾಲೆಯ ಕೋಣೆಯಲ್ಲಿ ಬೀದಿಯ ಸಂಘದ ಸಭೆ ಸೇರಿತ್ತು. ಅಧ್ಯಕ್ಷ ಈಗಲೂ ನಿನ್ನ ಪಕ್ಕದ ಮನೆಯ ದರ್ಜಿಯೇ. ನಾನು ಕಟ್ಟಿದ ಕಡಲಗೋಡೆ ಅವನ ಮನೆಗೆ ಮುಗಿಯುತ್ತದೆ, ಅದರಾಚೆ ನಿನ್ನ ಮನೆ ಇದ್ದ ಜಾಗ, ಅದರಾಚೆ ಇನ್ನೂ ಹದಿನಾಲ್ಕು ಮನೆ. ನೀರು ಈಗ ಆ ಹದಿನಾಲ್ಕರ ಮೊದಲನೆಯದರ ಹಿತ್ತಿಲಿಗೆ ಬಂದಿದೆ. ಗೋಡೆಯನ್ನು ಅಷ್ಟು ಮನೆಗಳ ಮುಂದೆಯೂ ಎಳೆಯಬೇಕು ಎನ್ನುವುದು ಸಭೆಯ ವಿಷಯ. ದರ್ಜಿ ಎದ್ದು ನಿಂತು, ಕೊರಳಲ್ಲಿದ್ದ ಅಳತೆ ಟೇಪನ್ನು ಎಳೆದಾಡುತ್ತಾ, "ಮೇಸ್ತ್ರಿಗಳೇ, ನೀವೇ ಕಟ್ಬೇಕು. ನಿಮ್ಮ ಕೈಕೆಲಸ ಅಂದ್ರೆ ಕಡಲೂ ಒಂದು ಹೆಜ್ಜೆ ಹಿಂದೆ ಇಡುತ್ತೆ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ಅರವತ್ತೆರಡರ ಈ ವಯಸ್ಸಿನಲ್ಲೂ ನನ್ನ ಎದೆ ಉಬ್ಬಿತು.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಸರ್ಕಾರದ ಕಡೆಯಿಂದ ಬಂದ ಹೊಸ ಎಂಜಿನಿಯರ್. ಬೂಟಿನ ತುಂಬ ಮರಳು, ಹೆಗಲಿಗೆ ಹರಿದ ಚೀಲ. ಅವಳಿಗೂ ನಮ್ಮ ಮೊಮ್ಮಕ್ಕಳಿಗೂ ಹೆಚ್ಚೆಂದರೆ ಹದಿನೈದು ವರ್ಷದ ಅಂತರ. "ಒಂದು ಟ್ರೇ ಸಿಗುತ್ತಾ?" ಎಂದು ಕೇಳಿದಳು. ಚಹಾದಂಗಡಿಯವನು ಕೊಟ್ಟ. ಅದರಲ್ಲಿ ಒದ್ದೆ ಮರಳು ಹರಡಿ, ಒಂದು ಕಡೆಗೆ ನೀರು ಸುರಿದಳು. ದಡದ ಮೇಲೆ ಸಾಲಾಗಿ ಬೆಂಕಿಪೊಟ್ಟಣ ಇಟ್ಟಳು, ಅವು ನಮ್ಮ ಮನೆಗಳು. ಆಮೇಲೆ ಮಕ್ಕಳ ಸ್ಲೇಟೊಂದನ್ನು ನೀರಿಗೆ ಅಡ್ಡವಾಗಿ ನೆಟ್ಟಳು.

"ಇದು ಬಂದರಿನ ತಡೆಗೋಡೆ. ದಡದ ಮರಳು ಒಂದೇ ಕಡೆ ನಿಲ್ಲಲ್ಲ, ಅಲೆ ಜೊತೆ ದಡದುದ್ದಕ್ಕೂ ನಡೀತಾನೇ ಇರುತ್ತೆ. ಈ ಸ್ಲೇಟು ಅದನ್ನ ತಡೀತು. ಆಚೆ ಕಡೆ ಮರಳು ಗುಡ್ಡೆ ಆಯ್ತು, ನಿಮ್ಮ ಕಡೆ ಬರೋದು ನಿಂತೋಯ್ತು," ಎಂದು ಅಡಿಪಟ್ಟಿಯಿಂದ ನೀರನ್ನು ಮೆಲ್ಲಗೆ ತಳ್ಳತೊಡಗಿದಳು. ಎಲ್ಲರೂ ನೋಡುತ್ತಿದ್ದಂತೆ ನಮ್ಮ ದಡ ಸವೆಯುತ್ತಾ ಬಂತು.

ಅಕ್ಕ, ಆ ತಡೆಗೋಡೆಗೆ ಕಲ್ಲು ಇಳಿಸಿದವರಲ್ಲಿ ನಾನೂ ಒಬ್ಬ. ಆಗ ನನಗೆ ಇಪ್ಪತ್ತು. ಮೊದಲ ಸಂಬಳ ಬಂದಾಗ ನಿನಗೆ ಕಪ್ಪು ಬಟ್ಟೆಯ ಛತ್ರಿ ತಂದಿದ್ದೆ, ನೀನು ಅದನ್ನು ಬಿಸಿಲಿಗೂ ಬಿಚ್ಚದೆ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳಿಗೆ ಏನೋ ಒಂದು ಕೊಟ್ಟೆ ಎಂದು ನಾನು ಬೀಗಿದ್ದೆ. ಕೊಟ್ಟಿದ್ದು ಛತ್ರಿ, ಕಸಿದುಕೊಂಡಿದ್ದು ನಿನ್ನ ಮನೆ ಮುಂದಿನ ಮರಳು.

ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. "ಹೊಳೆ ಕಡಲಿಗೆ ಸೇರೋ ಕಡೆಯಿಂದ ಯಾರ್ಯಾರು ಮರಳು ತಂದಿದ್ದೀರಿ?" ಎಂದು ಕೇಳಿದಳು. ಹೊಳೆ ಹೊತ್ತು ತಂದು ಕಡಲಿಗೆ ಕೊಡಬೇಕಾದ ಮರಳನ್ನು ನಾವು ನಡುವೆಯೇ ಲಾರಿಗೆ ತುಂಬಿದ್ದೆವು. ಈ ಬೀದಿಯಲ್ಲಿ ನಾನು ಕಟ್ಟಿದ ಮನೆ ಇಪ್ಪತ್ತಮೂರು. ಅಷ್ಟಕ್ಕೂ ಮರಳು ಅಲ್ಲಿಯದೇ. ಉಪ್ಪು ಹೋಗುವ ಹಾಗೆ ಮೂರು ನೀರಿನಲ್ಲಿ ತೊಳೆಸಿ ಬಳಸುತ್ತಿದ್ದೆ, ಕೆಲಸದಲ್ಲಿ ಕಳ್ಳತನ ಮಾಡುವವನಲ್ಲ ಎಂದು ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ಅವಳು ಚೀಲದಿಂದ ಒಂದು ಸಾಬೂನು ತೆಗೆದು ಬೆಂಕಿಪೊಟ್ಟಣಗಳ ಮುಂದೆ ಇಟ್ಟಳು. ಅದು ನನ್ನ ಗೋಡೆ. ಹೊಸ ಸಾಬೂನು, ಮೂಲೆ ಇನ್ನೂ ಸವೆದಿರಲಿಲ್ಲ. ನೀರು ತಳ್ಳಿದಾಗ ಸಾಬೂನಿನ ಹಿಂದಿನ ಪೊಟ್ಟಣಗಳು ಗಟ್ಟಿಯಾಗಿ ನಿಂತವು. ಆದರೆ ಸಾಬೂನು ಮುಗಿಯುವ ಮೂಲೆಯಲ್ಲಿ ನೀರು ಸುಳಿ ತಿರುಗಿ, ಹಿಂದಕ್ಕೆ ಹೊಕ್ಕು, ಮರಳನ್ನು ಬಗೆಯತೊಡಗಿತು. ಸಾಬೂನಿನಾಚೆಯ ಮೊದಲ ಬೆಂಕಿಪೊಟ್ಟಣ ವಾಲಿತು, ಬಿತ್ತು. ಯಾರೋ ಕಿಸಕ್ಕೆಂದು ನಕ್ಕರು. ನನಗೆ ಕೂತ ಬೆಂಚು ಕೆಳಗೆ ಹೋದ ಹಾಗಾಯಿತು.

ಅದು ನಿನ್ನ ಮನೆ, ಅಕ್ಕ.

"ಗೋಡೆ ಹೀಗೆ ಕತ್ತರಿಸಿದ ಹಾಗೆ ನಿಲ್ಲಬಾರದು. ತುದಿ ಒಳಗೆ ಬಾಗಬೇಕು, ತಗ್ಗುತ್ತಾ ತಗ್ಗುತ್ತಾ ಮರಳಲ್ಲಿ ಕರಗಿ ಹೋಗ್ಬೇಕು. ಹಳೇ ನಕ್ಷೇಲಿ ಹಾಗೇ ಇದೆ. ಯಾರು ಈ ಮೂಲೆ ಮಾಡಿದ್ದು?" ಎಂದಳು.

ನಾನು ಕೈ ಎತ್ತಿದೆ. ಶಾಲೆಯ ಕೋಣೆಯಲ್ಲವೇ, ಕೈ ತಾನಾಗಿ ಎದ್ದಿತು.

ನಕ್ಷೆ ನನ್ನ ಹತ್ತಿರವೂ ಇತ್ತು. ಅದರಲ್ಲಿ ಗೋಡೆಯ ತುದಿ ನಿನ್ನ ಮನೆಯನ್ನು ದಾಟಿ, ಇಳಿಜಾರಾಗಿ, ಸಡಿಲ ಕಲ್ಲುಗಳ ರಾಶಿಯಾಗಿ ಮುಗಿಯುತ್ತಿತ್ತು. ನನಗೆ ಅದು ನಕ್ಷೆ ಬರೆದವನ ಸೋಮಾರಿತನದಂತೆ ಕಂಡಿತು. ನಲವತ್ತು ವರ್ಷ ಮನೆ ಕಟ್ಟಿದ ಕೈ ಇದು. ಗೋಡೆ ಎಂದ ಮೇಲೆ ಅದಕ್ಕೊಂದು ಮೂಲೆ ಬೇಡವೇ? ಆ ತುದಿಯ ಕಲ್ಲುಗಳನ್ನೆಲ್ಲ ಗೋಡೆಯ ಎತ್ತರಕ್ಕೆ ಸೇರಿಸಿದೆ. ದರ್ಜಿಯ ಮನೆಯ ಪಕ್ಕದಲ್ಲಿ ಮೂಲೆ ನೆಟ್ಟಗೆ ಕೂರಿಸುವ ಮೂಲೆಮಟ್ಟ ಹಿಡಿದು, ದಾರ ಎಳೆದು, ತೂಗುಗುಂಡು ಬಿಟ್ಟು, ರಸಮಟ್ಟ ಇಟ್ಟು, ಕಡಲಿನ ಮುಂದೆ ಒಂದು ಮನೆಯ ಮೂಲೆಯನ್ನು ನಿಲ್ಲಿಸಿದೆ. ಎತ್ತರ ಹೆಚ್ಚಾಯಿತೆಂದು ಬೀದಿಯವರಿಗೆ ಖುಷಿ. ಜನ ಬಂದು ಆ ಮೂಲೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನೀನೂ ತೆಗೆಸಿಕೊಂಡೆ, ಸೆರಗಿನಿಂದ ಕಲ್ಲು ಒರೆಸಿ. 'ನನ್ನ ತಮ್ಮ ಕಟ್ಟಿದ್ದು' ಎಂದು ಎಲ್ಲರಿಗೂ ಹೇಳಿದೆ. ಬಂದ ಅಧಿಕಾರಿಯೂ ಕಾರಿನಿಂದ ಇಳಿಯದೆ ಸಹಿ ಹಾಕಿ ಹೋದ.

ಸಭೆಯಲ್ಲಿ ನಾನು ಎದ್ದು ಹೇಳಿದೆ: "ಮುಂದಕ್ಕೆ ಗೋಡೆ ನಾನು ಕಟ್ಟಲ್ಲ. ಹದಿನಾಲ್ಕು ಮನೆವರೆಗೆ ಎಳೆದ್ರೆ ಹದಿನೈದನೆಯದು ಬಲೆ ಹೆಣೆಯೋರ ಸಾಲು. ಮುಂದಿನ ಮಳೆಗಾಲಕ್ಕೆ ಅವರು ಬೀದಿಗೆ ಬರ್ತಾರೆ. ಕಟ್ಟೋದಲ್ಲ, ಮೊದಲು ನನ್ನ ಮೂಲೆ ಕೀಳಬೇಕು."

ದರ್ಜಿಗೆ ಪಿತ್ತ ನೆತ್ತಿಗೇರಿತು. "ನಿಮ್ಮ ಅಕ್ಕನ ಮನೆ ಹೋಯ್ತು ಅಂತ ನನ್ನ ಮನೇನೂ ಕಡಲಿಗೆ ಹಾಕ್ತೀರಾ?" ಎಂದ. ಅವನ ಹೆಂಡತಿ ಕೋಣೆಯ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೂಗುತ್ತಿದ್ದೆ.

ಮಾರನೆಯ ಬೆಳಿಗ್ಗೆ ನಾನೊಂದು ಹುಚ್ಚು ಕೆಲಸ ಮಾಡಿದೆ. ಹಾರೆ ಹೆಗಲಿಗೆ ಹಾಕಿಕೊಂಡು ಹೋಗಿ ಮೂಲೆಯ ಕಲ್ಲು ಕೀಳತೊಡಗಿದೆ. ಹನ್ನೊಂದು ಕಲ್ಲು ಉರುಳಿಸುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ನನ್ನದೇ ಸಿಮೆಂಟು ನನಗೇ ಬಗ್ಗಲಿಲ್ಲ, ಅಷ್ಟು ಗಟ್ಟಿ ಕೆಲಸ. ದರ್ಜಿ ಕೂಗಿಕೊಂಡ, ಎಂಜಿನಿಯರ್ ಹುಡುಗಿ ಓಡಿ ಬಂದಳು. ಸೊಂಟದ ಮೇಲೆ ಕೈ ಇಟ್ಟುಕೊಂಡು, "ಅಜ್ಜಾ, ಕಟ್ಟುವಾಗಲೂ ಕೇಳಲಿಲ್ಲ, ಕೀಳುವಾಗಲೂ ಕೇಳಲ್ವಾ?" ಎಂದು ಗದರಿಸಿದಳು. ಒಂದೇ ಸಲಕ್ಕೆ ಕಿತ್ತರೆ ದರ್ಜಿಯ ಮನೆಯೂ ಹೋಗುತ್ತದಂತೆ. ಮೊದಲು ಆಚೆ ಬದಿಗೆ ಸಡಿಲ ಕಲ್ಲು ಸುರಿದು ಇಳಿಜಾರು ಮಾಡಿ, ಆಮೇಲೆ ಮೂಲೆಯನ್ನು ಮೇಲಿನಿಂದ ಸ್ವಲ್ಪಸ್ವಲ್ಪವಾಗಿ ಬಿಡಿಸಬೇಕು. ಹಾರೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ನನ್ನನ್ನು ಚಹಾದಂಗಡಿಗೆ ಕರೆದುಕೊಂಡು ಹೋದಳು. ಬೈಸಿಕೊಳ್ಳುವುದಕ್ಕೆ ನೀನು ಇಲ್ಲದ ಕೊರತೆ ಅವತ್ತು ನೀಗಿತು.

ಈಗ ತೀರ್ಮಾನ ಹೀಗಾಗಿದೆ. ಗೋಡೆ ಮುಂದಕ್ಕೆ ಹೋಗುವುದಿಲ್ಲ. ಬಂದರಿನ ಆಚೆ ಗುಡ್ಡೆಯಾದ ಮರಳನ್ನು ವರ್ಷಕ್ಕೊಮ್ಮೆ ಈ ಕಡೆಗೆ ತಂದು ಸುರಿಯಬೇಕೆಂದು ಅವಳು ಮೇಲಿನವರಿಗೆ ಬರೆದಿದ್ದಾಳೆ. ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಇಳಿಜಾರಿನ ಕೆಲಸ ಮುಂದಿನ ವಾರ ಶುರು. ಅಲ್ಲಿ ಕಲ್ಲು ಹೇಗೆ ಬೀಳಬೇಕೆಂದು ಅವಳು ಹೇಳುತ್ತಾಳೆ, ನಾನು ಕೇಳುತ್ತೇನೆ. ಹೊಸ ಅಭ್ಯಾಸ.

ನೀರು ಇಳಿದಾಗ ನಿನ್ನ ಅಡುಗೆಮನೆಯ ಹಿಂದಿನ ಮೂರು ಮೆಟ್ಟಿಲು ಇನ್ನೂ ಕಾಣುತ್ತವೆ. ನೀನು ಕೂತು ತರಕಾರಿ ಹೆಚ್ಚುತ್ತಿದ್ದೆಯಲ್ಲ, ಅವೇ. ಹತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ನಿನ್ನೆ ಅವುಗಳ ಮೇಲೆ ಕೂತು ಬಂದೆ. ಅಲ್ಲಿಂದ ಸ್ವಲ್ಪ ಒಳಗೆ ಹೊಸ ದಿಬ್ಬಕ್ಕೆ ಮರಳು ಹಾಕಿದ್ದಾರೆ. ಬಲೆ ಹೆಣೆಯುವವರ ಹೆಂಗಸರು ದಡದಲ್ಲಿ ಹಬ್ಬಿ ಮರಳು ಹಿಡಿದಿಡುವ ನೇರಳೆ ಹೂವಿನ ಆ ಬಳ್ಳಿಯ ತುಂಡುಗಳನ್ನು ತಂದು ನೆಡುತ್ತಿದ್ದಾರೆ. ನಾನೂ ಒಂದು ಸಾಲು ನೆಟ್ಟೆ. ಕೈ ಅಭ್ಯಾಸ ನೋಡು, ದಾರ ಎಳೆದು ನೇರವಾಗಿ ನೆಡಲು ಹೊರಟಿದ್ದೆ. ಅವರು ನಕ್ಕು ಕಿತ್ತು ಬೇರೆ ಕಡೆ ನೆಟ್ಟರು.

ಅಕ್ಕ, ನಿನ್ನ ಮನೆ ವಾಪಸು ಬರುವುದಿಲ್ಲ. ಅದನ್ನು ಕಟ್ಟಿದವನೂ ನಾನೇ, ಕೆಡವಿದವನೂ ನಾನೇ. ಕಡಲನ್ನು ಬೈದು ಪ್ರಯೋಜನವಿಲ್ಲ, ಅದು ನಾವು ತೋರಿಸಿದ ದಾರಿಯಲ್ಲಿ ಬಂತು. ನನ್ನನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖವೂ ನನಗಿಲ್ಲ.

ಕಣ್ಣಿಗೆ ಹನಿ ಹಾಕುವುದನ್ನು ಮರೆಯಬೇಡ, ಒಲೆಯ ಮುಂದೆ ಬಾಗಬೇಡ. ನಿನ್ನ ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮೊಮ್ಮಗಳ ಹಾಲುಹಲ್ಲು ಬಿದ್ದಿದೆಯಂತೆ, ಚೆನ್ನಾಗಿ ಗಟ್ಟಿ ಹಲ್ಲು ಬರಲಿ, ನಿನ್ನ ಹಾಗೆ ಬಾಯಿಯೂ ಗಟ್ಟಿಯಾಗಲಿ. ನೀವಿಬ್ಬರೂ ನೂರು ಕಾಲ ನೆಮ್ಮದಿಯಾಗಿರಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು.

ಭಾವಾ, ಇದರ ಜೊತೆ ಅಂಟಿಸಿದ ಒಂದು ಸಣ್ಣ ಲಕೋಟೆ ಇದೆ. ಅದನ್ನು ಒಡೆಯದೆ ಅಕ್ಕನ ಕೈಗೆ ಕೊಡಿ. ಅದು ನಿಮಗಲ್ಲ.

ಇಂತಿ ನಿನ್ನ ತಮ್ಮ,
ಮೊಂಡ

(ಸಣ್ಣ ಲಕೋಟೆಯೊಳಗಿನ ಹಾಳೆ, ದೊಡ್ಡ ಅಕ್ಷರಗಳಲ್ಲಿ)

ಮರೆತ ಮಾತು ಎಂದು ಬರೆಯಬೇಕು. ಮರೆತಿದ್ದಲ್ಲ.

ಅಕ್ಕ, ಗೋಡೆಯ ಮೇಲೆ ಬರೆಯುವ ಹಾಗೆ ದಪ್ಪಕ್ಕೆ ಬರೆದಿದ್ದೇನೆ, ನೀನೇ ಓದು. ಹೆಬ್ಬೆರಳು ಊದಿದ್ದು ಸುಳ್ಳು. ನಿನ್ನ ಕಣ್ಣು ಸರಿಯಾಗಲಿ ಎಂದು ಕಾಯುತ್ತಿದ್ದೆ. ಈ ಮಾತನ್ನು ಭಾವನ ಬಾಯಿಂದ ಓದಿಸಿದ್ದರೆ ಅವರು ಕೆಮ್ಮಿ ದಾಟಿಸಿಬಿಡುತ್ತಿದ್ದರು. ಫೋನಿನಲ್ಲಿ ಹೇಳಲು ನನಗೆ ಧೈರ್ಯವಿರಲಿಲ್ಲ.

ಸಭೆಯಲ್ಲಿ ನಾನು ಹೇಳಿದ್ದು ಅರ್ಧ. ಮೂಲೆ ತಪ್ಪೆಂದು ನನಗೆ ಗೊತ್ತಾಗಿದ್ದು ಆ ಟ್ರೇ ನೋಡಿ ಅಲ್ಲ. ಮನೆ ಬೀಳುವ ಇಪ್ಪತ್ತು ದಿನ ಮೊದಲೇ ಗೊತ್ತಾಗಿತ್ತು. ಭಾವ ನನ್ನನ್ನು ಕರೆದುಕೊಂಡು ಹೋಗಿ ಮೂಲೆಯ ಹಿಂದೆ ತಮ್ಮ ಛತ್ರಿಯನ್ನು ಮರಳಿಗೆ ಚುಚ್ಚಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. "ಒಳಗೆಲ್ಲ ಟೊಳ್ಳಾಗಿದೆ ಕಣಯ್ಯ. ಈ ಮೂಲೇಲಿ ನೀರು ತಿರುಗ್ತಾ ಇದೆ, ನಾನು ದಿನಾ ನೋಡ್ತೀನಿ. ಮೂಲೆ ಬಿಚ್ಚಿ ನಕ್ಷೇಲಿ ಇದ್ದ ಹಾಗೆ ಮಾಡಿಬಿಡು, ಇನ್ನೂ ಸಮಯ ಇದೆ" ಎಂದರು. ಮೂರು ಸಲ ಹೇಳಿದರು. ಅದೇ ವಾರ ಗೋಡೆಯ ಉದ್ಘಾಟನೆ, ಕಲ್ಲಿನ ಫಲಕದಲ್ಲಿ ನನ್ನ ಹೆಸರನ್ನೂ ಕೆತ್ತಿಸಿದ್ದರು. ನಾನು ನಕ್ಕೆ. "ಭಾವಾ, ನೀವು ಗಡಿಯಾರ ನೋಡ್ಕೊಳ್ಳಿ, ಕಲ್ಲು ನಂಗೆ ಬಿಡಿ" ಎಂದೆ. ಆ ಟೊಳ್ಳಿಗೆ ನಾಲ್ಕು ಬುಟ್ಟಿ ಜಲ್ಲಿ ತುಂಬಿ, ಮೇಲೆ ಯಾರಿಗೂ ಕಾಣದ ಹಾಗೆ ಗಾರೆ ಬಳಿದೆ.

ಮನೆ ಬಿದ್ದ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಬೀದಿಯೆಲ್ಲ ಸೇರಿತ್ತು. ಯಾರೋ 'ಹೇಗಾಯ್ತು' ಎಂದು ಕೇಳಿದರು. ಭಾವ ನನ್ನ ಮುಖ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನಾನು, "ಗಡಿಯಾರದ ಕೋಣೆ ಕಟ್ಟೋಕೆ ಅಂತ ದಿಬ್ಬ ಮುಟ್ಟಬಾರದಿತ್ತು ಭಾವಾ" ಎಂದುಬಿಟ್ಟೆ. ಅವರು ಸಮ ಮಾಡಿದ್ದು ಆರಡಿ ದಿಬ್ಬ. ಅಷ್ಟಕ್ಕೆ ಮನೆ ಬೀಳುವುದಿಲ್ಲ, ಅದು ನನಗೆ ಅಲ್ಲೇ ನಿಂತಾಗಲೇ ಗೊತ್ತಿತ್ತು. ನೀನು ಆ ಮಾತನ್ನು ಹಿಡಿದುಕೊಂಡೆ. ಅವರು ಒಂದೂ ಮಾತಾಡಲಿಲ್ಲ.

ನೀವು ಊರು ಬಿಡುವಾಗ ಬಸ್ಸಿನ ಹತ್ತಿರ ಅವರನ್ನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು. "ಅವಳಿಗೆ ತವರು ಅಂತ ಇರೋದು ನೀನೊಬ್ಬನೇ. ಮನೆ ಹೋಯ್ತು, ತಮ್ಮನೂ ಹೋದ್ರೆ ಅವಳು ತಡೀತಾಳಾ? ಗಂಡನ ಮೇಲೆ ಸಿಟ್ಟಿದ್ರೆ ಪರವಾಗಿಲ್ಲ, ಗಂಡ ಎಲ್ಲಿಗೂ ಹೋಗಲ್ಲ" ಎಂದರು. ಅಷ್ಟು ಹೇಳಿ ಗಡಿಯಾರಗಳ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ಬಸ್ಸು ಹೋಯಿತು. ನಾನು ಮೂರು ವರ್ಷ ನನ್ನ ಬಾಯಿಗೆ ಬೀಗ ಹಾಕಿಕೊಂಡು ನಿನಗೆ ಕಾಗದ ಬರೆದೆ, ಅವರು ಅದನ್ನು ನಿನಗೆ ಓದಿ ಹೇಳಿದರು.

ಅವರ ಮೇಲಿನ ನಿನ್ನ ಸಿಟ್ಟೆಲ್ಲ ನನಗೆ ಸೇರಬೇಕಾದದ್ದು. ಬೈದು ಬರೆ, ಬರೆಯದೆಯೂ ಇರು, ನಾನು ತಾಳಿಕೊಳ್ಳುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಲೋಟ ಚಹಾ ಮಾಡಿಕೊಂಡು ಭಾವನ ಹತ್ತಿರ ಹೋಗು. ಈ ಲಕೋಟೆಯಲ್ಲಿ ಏನಿದೆ ಎಂದು ಅವರು ಊಹಿಸಿಯೇ ಇರುತ್ತಾರೆ. ಕೇಳುವುದಿಲ್ಲ. ಯಾವುದೋ ಗಡಿಯಾರವನ್ನು ಬಿಚ್ಚಿಟ್ಟುಕೊಂಡು, ತಲೆ ತಗ್ಗಿಸಿ, ನೀನು ಈ ಹಾಳೆ ಮಡಿಸುವ ಸದ್ದಿಗೆ ಕಾಯುತ್ತಾ ಕೂತಿರುತ್ತಾರೆ.